ಎಕ್ಸ್‌ಚೇಂಜ್ ಅಕ್ಕನ ಹೆಸರಿನಲ್ಲಿ

ಎದುರಿಗೆ, ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಕೂತವರೊಡನೆ ಮಾತಾಡುವಾಗಲೂ ಎಕ್ಸ್‌ಚೇಂಜ್ ಅಕ್ಕ ಮೊದಲು “ಕೇಳಿಸ್ತಿದೆಯಾ?” ಎಂದು ಕೇಳುತ್ತಿದ್ದರು. ನಾವು ಬಾಯಿಬಿಟ್ಟು “ಕೇಳಿಸ್ತಿದೆ ಅಕ್ಕ” ಎನ್ನುವ ತನಕ ಅವರ ಮುಂದಿನ ಮಾತು ಹೊರಡುತ್ತಿರಲಿಲ್ಲ. ತಲೆಯಾಡಿಸಿದರೆ, ನಕ್ಕರೆ, ಕಣ್ಣಲ್ಲೇ ಹೂಂಗುಟ್ಟಿದರೆ ಅದು ಅವರ ಪಾಲಿಗೆ ಉತ್ತರವೇ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ, ನನ್ನ ಕಿವಿ ಮಂದವೆಂದು ಯಾರೋ ಅವರಿಗೆ ಹೇಳಿರಬೇಕೆಂದುಕೊಂಡೆ. ಎರಡನೆಯ ದಿನ, ಅವರ ಕಿವಿಯೇ ಮಂದವಿರಬೇಕೆಂದು ಕನಿಕರಪಟ್ಟು ಗಟ್ಟಿಯಾಗಿ ಮಾತಾಡತೊಡಗಿದೆ. ಮೂರನೆಯ ದಿನ, ಪುಟಗಳ ವಿನ್ಯಾಸ ಮಾಡುವ ಸಹೋದ್ಯೋಗಿ ತಡೆಯಲಾರದೆ ನನ್ನ ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಯಾಕಮ್ಮ ಹಾಗೆ ಕಿರುಚ್ತೀಯ? ಅವರ ಕಿವಿ ನಿನ್ನ ಕಿವಿಗಿಂತ ಚುರುಕು. ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತಿದ್ರು. ಲೈನ್ ಜೋಡಿಸೋ ಬೋರ್ಡು ಹೋಯ್ತು, ಚಾಳಿ ಹೋಗ್ಲಿಲ್ಲ. ಅವರ ಮನೆ ಬೆಕ್ಕಿಗೂ ಅಷ್ಟೇ, ‘ಕೇಳಿಸ್ತಿದೆ’ ಅಂದಮೇಲೇ ಹಾಲು.”

ಅವರು ನಡೆಯುವಾಗ ತಲೆ ಎಡಕ್ಕೆ ಕೊಂಚ ವಾಲಿರುತ್ತಿತ್ತು. ಅಷ್ಟು ವರ್ಷ ಹೆಡ್‌ಫೋನಿನ ಭಾರ ಹೊತ್ತ ಎಡಗಿವಿಯನ್ನು ಲೋಕದ ಕಡೆಗೆ ಮುಂದೆಮಾಡಿಕೊಂಡು, ಬಲಗೈಯ ಎರಡು ಬೆರಳನ್ನು ಜೋಡಿಸಿ ಏನನ್ನೋ ತೂತಿಗೆ ಚುಚ್ಚಲು ಹೊರಟವರಂತೆ ಚಾಚಿ, ಮೇಜುಗಳ ಸಂದಿಯಲ್ಲಿ ಸರಸರನೆ ಸಾಗುತ್ತಿದ್ದರು. ಬೇಸಿಗೆಯಲ್ಲೂ ಮೈಮೇಲೊಂದು ಬೂದುಬಣ್ಣದ ಉಣ್ಣೆಯ ಕೋಟು. ಎಕ್ಸ್‌ಚೇಂಜಿನ ಯಂತ್ರಗಳು ಬಿಸಿಯಾಗಬಾರದೆಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದರಂತೆ. ಅದಕ್ಕಾಗಿ ಕೊಟ್ಟ ಕೋಟು, ಕೊಟ್ಟ ಇಲಾಖೆಗಿಂತ ಹೆಚ್ಚು ಬಾಳಿತ್ತು. ಅದರ ಜೇಬುಗಳಲ್ಲಿ ಒಂದು ಮೋಟು ಪೆನ್ಸಿಲು, ಒಂದು ರಬ್ಬರು, ಹಿಂಬದಿ ಖಾಲಿಯಿರುವ ರಸೀದಿಗಳು. ಕಂಪ್ಯೂಟರಿನ ಮುಂದೆ ಕೂತೂ ಅವರು ಟಿಪ್ಪಣಿ ಮಾಡುತ್ತಿದ್ದುದು ಆ ರಸೀದಿಗಳ ಬೆನ್ನಿನ ಮೇಲೆಯೇ.

ಇಂಥವರಿಗೆ ನಮ್ಮ ಕಚೇರಿಯಲ್ಲಿ ಏನು ಕೆಲಸ ಎಂದು ಯಾರಿಗಾದರೂ ಅನ್ನಿಸೀತು. ಕನ್ನಡಕದ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ ಆರು ಮೇಜು, ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ, ಒಂದು ನೀರಿನ ಯಂತ್ರ. ಇಷ್ಟೇ ನಮ್ಮ ಕಚೇರಿ. ಗಿರಾಕಿಗಳ ವೆಬ್‌ಸೈಟನ್ನು ಹುಡುಕಾಟದ ಪಟ್ಟಿಯಲ್ಲಿ ಮೇಲಕ್ಕೆ ತರುವುದು ನಮ್ಮ ಕಸುಬು. ಗಾಜಿನ ಕೋಣೆಯ ಮಾಲೀಕ ಅಕ್ಕನ ಸ್ವಂತ ತಂಗಿಯ ಮಗ. ಎಲ್ಲರೆದುರು ಅವರನ್ನು “ಮೇಡಂ” ಎನ್ನುತ್ತಿದ್ದ, ಹೆದರಿದಾಗ ಮಾತ್ರ “ದೊಡ್ಡಮ್ಮ” ಎನ್ನುತ್ತಿದ್ದ. ಆದ್ದರಿಂದ ಕಂಪನಿಯ ಸ್ಥಿತಿಗತಿ ಹೇಗಿದೆಯೆಂದು ಯಾವ ಸಂಬೋಧನೆ ಕೇಳಿಬಂತೆಂಬುದರ ಮೇಲೆ ನಾವು ಊಹಿಸುತ್ತಿದ್ದೆವು.

ಫೋನ್ ಎತ್ತಲೆಂದು ಅಕ್ಕನನ್ನು ಅವನು ಕರೆತಂದಿದ್ದ. ಫೋನ್ ಬರುತ್ತಿದ್ದುದೇ ಅಪರೂಪ. ಸುಮ್ಮನೆ ಕೂರಲಾಗದೆ ಅವರು, ನಾವೆಲ್ಲ ಏನು ಮಾಡುತ್ತಿದ್ದೇವೆಂದು ಮೇಜಿಂದ ಮೇಜಿಗೆ ಹೋಗಿ ವಿಚಾರಿಸಿಕೊಂಡರು. ಬ್ಯಾಕ್‌ಲಿಂಕ್ ಎಂಬ ಪದ ಅವರ ಕಿವಿಗೆ ಬಿದ್ದದ್ದು ಆಗ. ಬೇರೆಯವರ ಪುಟದಿಂದ ನಮ್ಮ ಗಿರಾಕಿಯ ಪುಟಕ್ಕೆ ಬರುವ ಕೊಂಡಿ. ಅಂಥ ಕೊಂಡಿಗಳು ಎಷ್ಟು, ಎಂಥವರಿಂದ ಬಂದಿವೆ ಎಂಬುದನ್ನು ನೋಡಿ ಸರ್ಚ್ ಎಂಜಿನ್ನು ಯಾರನ್ನು ಮೇಲಿಡಬೇಕು, ಯಾರನ್ನು ಕೆಳಗಿಡಬೇಕು ಎಂದು ತೀರ್ಮಾನಿಸುತ್ತದೆ. ನನಗೆ ಇದನ್ನು ಅರ್ಥಮಾಡಿಕೊಳ್ಳಲು ಎರಡು ವಾರ, ಗೆರೆ ಹಾಕಿದ ಒಂದು ನೋಟ್‌ಬುಕ್ಕು ಬೇಕಾಗಿತ್ತು. ಅಕ್ಕನಿಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಸಾಕಾಯಿತು.

“ಇದು ನಮ್ಮ ಬೋರ್ಡೇ ಕಣಮ್ಮ,” ಎಂದರು. “ಕೇಳಿಸ್ತಿದೆಯಾ?”

“ಕೇಳಿಸ್ತಿದೆ ಅಕ್ಕ.”

“ಊರಲ್ಲಿ ಯಾರಿಗೆ ಎಷ್ಟು ಬೆಲೆ ಅಂತ ನಮಗೆ ಕೂತಲ್ಲೇ ಗೊತ್ತಾಗ್ತಿತ್ತು. ಯಾರು ಜಾಸ್ತಿ ಫೋನ್ ಮಾಡ್ತಾರೆ ಅನ್ನೋದು ಮುಖ್ಯ ಅಲ್ಲ, ಯಾರ ನಂಬರನ್ನ ಜನ ಕೇಳ್ತಾರೆ ಅನ್ನೋದು ನೋಡ್ಬೇಕು. ಒಬ್ಬಳು ನರ್ಸಮ್ಮ ಇದ್ದಳು. ಅವಳಿಗೆ ದಿನಕ್ಕೆ ಎರಡೇ ಕಾಲ್, ಎರಡೂ ದೊಡ್ಡ ಡಾಕ್ಟರ ಮನೆಯಿಂದ. ಅಷ್ಟು ಸಾಕಲ್ಲ, ಅವಳೆಂಥವಳು ಅಂತ ತಿಳಿಯೋಕೆ? ಇನ್ನೊಬ್ಬ ಬಟ್ಟೆ ಅಂಗಡಿಯವನು. ತನ್ನ ನಂಬರಿಗೆ ತಾನೇ ಆಳುಗಳ ಕೈಲಿ ಕಾಲ್ ಮಾಡಿಸೋನು, ಲೈನು ಯಾವಾಗ್ಲೂ ಬಿಜಿ ಅಂತ ಊರು ತಿಳೀಲಿ ಅಂತ. ಎಲ್ಲ ಒಂದೇ ಬೂತಿಂದ ಬರೋದು, ಒಂದೇ ದನಿ! ನಮಗೆ ಗೊತ್ತಾಗಲ್ವಾ? ನಾವು ಹುಡುಗೀರೆಲ್ಲ ಹೆಡ್‌ಫೋನ್ ತೆಗೆದಿಟ್ಟು ನಗ್ತಿದ್ವಿ.”

ಅಂದಿನಿಂದ ಲಿಂಕ್ ಕೇಳುವ ಕೆಲಸ ಅವರದಾಯಿತು. ನಾವು ಈಮೇಲ್ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದರೆ ಅವರು ಫೋನ್ ಮಾಡುತ್ತಿದ್ದರು. ಅದಕ್ಕೆ ಮೊದಲು ಆ ವೆಬ್‌ಸೈಟನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಹಳೆಯ ಪ್ರಕಟಣೆಗಳನ್ನೂ ಬಿಡದೆ ಓದುತ್ತಿದ್ದರು. ಮೊದಲ ಸಲ ಫೋನ್ ಮಾಡಿದಾಗ ಏನನ್ನೂ ಕೇಳುತ್ತಿರಲಿಲ್ಲ. “ನಿಮ್ಮದು ಓದಿದೆ. ಮೊಣಕಾಲಿನ ವ್ಯಾಯಾಮದ ಪುಟದಲ್ಲಿ ಮೂರನೇ ಚಿತ್ರ ತಲೆಕೆಳಗಾಗಿದೆ, ನೋಡ್ಕೊಳ್ಳಿ,” ಇಷ್ಟೇ. ಎರಡನೆಯ ಸಲ ಕುಶಲ. ಮೂರನೆಯ ಸಲಕ್ಕೆ, ಅದೂ ಆ ಪುಟದ ಓದುಗನಿಗೆ ನಮ್ಮ ಗಿರಾಕಿಯಿಂದ ನಿಜಕ್ಕೂ ಉಪಯೋಗವಿದೆಯೆಂದು ತಮಗೆ ಅನ್ನಿಸಿದರೆ ಮಾತ್ರ, ಲಿಂಕಿನ ಮಾತು. “ಎರಡೂ ಕಡೆ ಕೇಳ್ದೆ ಲೈನ್ ಕೊಡಬಾರದು” ಎಂಬುದನ್ನು ಅವರು ಶಾಸ್ತ್ರವಾಕ್ಯದಂತೆ ಹೇಳುತ್ತಿದ್ದರು. ತಿಂಗಳಿಗೆ ಒಂದು ಲಿಂಕ್ ಸಿಕ್ಕರೆ ಹೆಚ್ಚು. ಮಾಲೀಕ ಗಾಜಿನ ಬಾಗಿಲು ತೆರೆದು, “ಮೇಡಂ, ಸ್ವಲ್ಪ ಬೇಗ ಆಗೋ ದಾರಿ ಏನಾದ್ರೂ ನೋಡೋಣ್ವಾ?” ಎನ್ನುವನು. “ನೋಡು, ನೋಡು. ಬಟ್ಟೆ ಅಂಗಡಿಯವನೂ ನೋಡಿದ್ದ,” ಎನ್ನುವರು ಇವರು, ಕತ್ತು ತಿರುಗಿಸದೆ.

ಆ ವರ್ಷ ಬೂಟು ಮಾಡುವ ಮುದುಕರೊಬ್ಬರು ಗಿರಾಕಿಯಾಗಿ ಬಂದರು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಿರುವವರಿಗೆ, ಪಾದ ಒಳಕ್ಕೆ ತಿರುಚಿಕೊಂಡವರಿಗೆ ಅಳತೆ ತೆಗೆದು ಬೂಟು ಹೊಲಿಯುವವರು. ಅಕ್ಕನ ಜೊತೆ ನಾನೂ ಅವರ ಕಾರ್ಖಾನೆಗೆ ಹೋಗಿದ್ದೆ. ಕಾರ್ಖಾನೆಯೆಂದರೆ ಒಂದು ಓಣಿಯ ಕೊನೆಯಲ್ಲಿ, ಮೆಟ್ಟಿಲೇ ಇಲ್ಲದಂತೆ ಇಳಿಜಾರು ಮಾಡಿದ ಬಾಗಿಲಿನ ಒಂದು ಕೋಣೆ. ಗೋಡೆಯುದ್ದಕ್ಕೂ ಮರದ ಅಚ್ಚುಗಳು, ಒಬ್ಬೊಬ್ಬ ಗಿರಾಕಿಯ ಒಂದೊಂದು ಜೊತೆ ಪಾದ, ಪ್ರತಿಯೊಂದರ ಹಿಮ್ಮಡಿಯ ಮೇಲೂ ಮುದುಕರ ಮಗಳ ದುಂಡಗಿನ ಅಕ್ಷರದಲ್ಲಿ ಹೆಸರು. ಅಪ್ಪ ಹೊಲಿಯುವುದು, ಮಗಳು ಅಡಿಯ ಅಟ್ಟೆ ಏರಿಸುವುದು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗಿದ್ದರು. ಹೊಸಬರು ಹುಡುಕಿದರೆ ಇವರ ಹೆಸರು ಬರುತ್ತಿದ್ದುದು ಮೂರನೆಯ ಪುಟದಲ್ಲಿ. ಅಲ್ಲಿಗೆ ಯಾರು ಹೋಗುತ್ತಾರೆ?

“ಈ ವರ್ಷ ನೋಡ್ತೀನಮ್ಮ,” ಎಂದರು ಮುದುಕರು. “ಆಗದಿದ್ರೆ ಇವಳು ದೊಡ್ಡ ಫ್ಯಾಕ್ಟರಿಗೆ ಹೋಗ್ತಾಳೆ. ಇವಳಿಲ್ದೆ ನಾನೊಬ್ಬನೇ ಅಟ್ಟೆ ಏರಿಸೋಕಾಗಲ್ಲ. ಬಾಗಿಲು ಹಾಕೋದೇ.”

ಅಕ್ಕ ಆ ಕೆಲಸಕ್ಕೆ ಟೊಂಕ ಕಟ್ಟಿ ನಿಂತರು. ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ಲಿಂಕ್: ನಾಲ್ವರು ವ್ಯಾಯಾಮ ಚಿಕಿತ್ಸಕರು, ಒಂದು ಶಾಲೆ, ನಡೆಯಲು ಕಷ್ಟಪಡುವವರ ಎರಡು ಸಂಘ, ಹೀಗೆ. ಅವುಗಳಲ್ಲಿ ಒಂದು, ಒಬ್ಬ ತಾಯಿಯ ಪುಟ. ಆಕೆಯ ಮಗ ಈ ಮುದುಕರ ಬೂಟು ಹಾಕಿಕೊಂಡು ನಡೆದವನು. ಒಂಬತ್ತನೆಯ ವರ್ಷದಲ್ಲಿ ತೀರಿಕೊಂಡಿದ್ದ. ತಾಯಿ ಅವನ ಬಗ್ಗೆ ಬರೆದದ್ದನ್ನು ಅಂಥ ಮಕ್ಕಳ ಹೆತ್ತವರು ದೂರದೂರದಿಂದ ಓದುತ್ತಿದ್ದರು. ಅಕ್ಕ ಆಕೆಗೆ ಲಿಂಕ್ ಕೇಳಲೇ ಇಲ್ಲ. ಪುಟದ ಕೆಳಗೆ ತಮ್ಮ ಹೆಸರು ಹಾಕಿ ಎರಡು ಸಾಲು ಬರೆದಿದ್ದರು, ಆಕೆ ಅದನ್ನು ಒಪ್ಪಿ ಪ್ರಕಟಿಸಿದ್ದರು. ಆಮೇಲೆ ಒಂದು ದಿನ ತಾವಾಗಿಯೇ ಬೂಟಿನವರ ವಿಳಾಸ ಸೇರಿಸಿದ್ದರು.

ಇನ್ನು ಮುಂದಿನದು ನನ್ನ ಕೆಲಸ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿ ಮೇಜಿನ ಮುಂದೆ ಕೂತವರಲ್ಲಿ ನಾನೇ ಮೊದಲಿನವಳು. ಒಂದು ವರ್ಷ ಮೀರಿದರೂ ಕೆಲಸ ಖಾಯಂ ಆಗಿರಲಿಲ್ಲ. ಹಳ್ಳಿಯಿಂದ ಅಪ್ಪನ ಫೋನು ಬಂದಾಗಲೆಲ್ಲ ಅದೊಂದೇ ಪ್ರಶ್ನೆ, “ಗಟ್ಟಿ ಆಯ್ತೇನವ್ವ?” ಬೂಟಿನವರ ಪುಟ ಎರಡು ವಾರದಲ್ಲಿ ಮೇಲೆ ಬಂದರೆ ಖಾಯಂ ಮಾಡುವುದಾಗಿ ಮಾಲೀಕ ಹೇಳಿದ್ದ; ದಾರಿ ಯಾವುದೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಪ್ರೋಗ್ರಾಮ್ ಇತ್ತು. ಕಾಲು, ನಡಿಗೆ, ಬೂಟು ಎಂಬ ಪದಗಳಿರುವ ಪುಟಗಳನ್ನು ಅದೇ ಹುಡುಕಿ, ಪ್ರತಿ ಪುಟದ ಕೆಳಗೂ ಒಂದು ಹೊಗಳಿಕೆ ಬರೆದು, ಹೊಗಳಿಕೆಯ ಜೊತೆ ನಮ್ಮ ಗಿರಾಕಿಯ ಲಿಂಕ್ ಅಂಟಿಸಿ ಬರುತ್ತದೆ. ನಾವು ತುಂಬಬೇಕಾದದ್ದು ಒಂದು ಹೆಸರು, ಒಂದು ಈಮೇಲ್ ವಿಳಾಸ ಮಾತ್ರ. ನನ್ನ ಹೆಸರು ಹಾಕಿದರೆ ಎಷ್ಟೋ ಪುಟಗಳು ಅದನ್ನು ತಡೆದು ನಿಲ್ಲಿಸುತ್ತವೆಂದು ನನಗೆ ಗೊತ್ತಿತ್ತು. ಒಮ್ಮೆ ಪುಟದ ಒಡೆಯರು ಒಪ್ಪಿದ ಹೆಸರಾದರೆ ಮುಂದಿನ ಸಲ ಯಾರನ್ನೂ ಕೇಳದೆ ಒಳಗೆ ಬಿಡುತ್ತವೆಂಬುದೂ ಗೊತ್ತಿತ್ತು. ಇದನ್ನು ನನ್ನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದೆ. ತಾವು ಓದಿದ ಎಷ್ಟೋ ಪುಟಗಳ ಕೆಳಗೆ ಅಕ್ಕ ತಮ್ಮ ಹೆಸರಿನಲ್ಲಿ ಎರಡು ಸಾಲು ಬರೆದಿದ್ದರು, ಒಡೆಯರು ಒಪ್ಪಿದ್ದರು. ಹಾಗಾಗಿ ಅಕ್ಕನ ಹೆಸರು ಹಾಕಿದೆ. ಅವರ ವಿಳಾಸ ಹಾಕಿದೆ. ಮಧ್ಯಾಹ್ನದ ಊಟಕ್ಕೆ ಅವರು ಎದ್ದುಹೋದ ಹೊತ್ತಿನಲ್ಲಿ, ಅವರ ಕುರ್ಚಿಯ ಪಕ್ಕದಲ್ಲೇ ಕೂತು, ಗುಂಡಿ ಒತ್ತಿದೆ.

ಬೂಟಿನವರ ಪುಟ ನೆಗೆಯಿತು. ಹತ್ತೇ ದಿನದಲ್ಲಿ ಮೊದಲ ಪುಟದ ನಡುಮಧ್ಯಕ್ಕೆ ಬಂತು. ನಾಲ್ಕು ಹೊಸ ಆರ್ಡರ್ ಬಂದವೆಂದು ಮುದುಕರು ಫೋನ್ ಮಾಡಿ ಅಕ್ಕನಿಗೆ ಕೃತಜ್ಞತೆ ಹೇಳಿದರು. ನನ್ನ ಕೆಲಸ ಖಾಯಂ ಆಯಿತು. ಮಾಲೀಕ ನನ್ನ ಶ್ರದ್ಧೆಯನ್ನು ಎಲ್ಲರೆದುರು ಹೊಗಳಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅಕ್ಕ.

ಮೂರನೆಯ ವಾರ ಆ ತಾಯಿ ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಕೂತಲ್ಲಿಂದ ಎದ್ದು ನಿಂತು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಕಡೆಯ ದನಿ ನನಗೆ ಕೇಳಿಸಲಿಲ್ಲ. ಈ ಕಡೆ ಅಕ್ಕ, “ಓದಿ ಹೇಳಿ… ಇನ್ನೊಮ್ಮೆ ಓದಿ…” ಎನ್ನುತ್ತ ರಸೀದಿಯ ಬೆನ್ನಿನ ಮೇಲೆ ಬರೆದುಕೊಂಡರು. ಫೋನ್ ಇಟ್ಟಮೇಲೆ ಆ ಚೀಟಿಯನ್ನು ನನ್ನ ಮುಂದೆ ಹಿಡಿದರು. ಮಗನ ಕೊನೆಯ ದಿನಗಳನ್ನು ತಾಯಿ ಬರೆದ ಪುಟದ ಕೆಳಗೆ, ಅಕ್ಕನ ಪೂರ್ತಿ ಹೆಸರಿನಲ್ಲಿ, ಹೀಗೆ ಪ್ರಕಟವಾಗಿತ್ತು: “ವಾವ್! ತುಂಬಾ ಚೆನ್ನಾಗಿದೆ! ಇಂಥದ್ದನ್ನು ಇನ್ನೂ ಹೆಚ್ಚು ಹೆಚ್ಚು ಬರೆಯಿರಿ! ಉತ್ತಮ ಬೂಟುಗಳಿಗಾಗಿ ಇಲ್ಲಿ ಒತ್ತಿ.”

“ಇದನ್ನ ನಾನು ಬರೆದೆ ಅಂತ ಅವರು ತಿಳಿದಿದಾರೆ,” ಎಂದರು.

“ನೀವಲ್ಲ ಅಂತ ಹೇಳ್ಬೇಕಿತ್ತು ಅಕ್ಕ,” ಎಂದೆ. ಹೌದು, ಹಾಗೆಂದವಳು ನಾನೇ.

“ಹೆಸರು ನಂದೇ ಇದೆಯಲ್ಲಮ್ಮ. ರಾಂಗ್ ನಂಬರ್ ಹೋದಾಗ, ಪಕ್ಕದ ಹುಡುಗಿ ತಪ್ಪು ಮಾಡಿದ್ಲು ಅಂತ ಲೈನಲ್ಲಿರೋರಿಗೆ ಹೇಳ್ತಾರಾ? ಯಾರ ದನಿ ಅವರಿಗೆ ಕೇಳಿಸ್ತಿದೆಯೋ ಅವರೇ ತಪ್ಪಾಯ್ತು ಅನ್ನೋದು.”

ಆ ವಾರವೇ ಬೂಟಿನವರ ಪುಟ ಹುಡುಕಾಟದಿಂದ ಕಾಣೆಯಾಯಿತು. ಮೂರನೆಯ ಪುಟಕ್ಕೆ ಇಳಿದಿದ್ದರೂ ಸಮಾಧಾನವಿರುತ್ತಿತ್ತು, ಎಲ್ಲೂ ಇರಲಿಲ್ಲ. ಕಳ್ಳ ಲಿಂಕುಗಳನ್ನು ಸರ್ಚ್ ಎಂಜಿನ್ ಹಿಡಿದಿತ್ತು. ಹದಿನಾಲ್ಕು ಮಂದಿಯಲ್ಲಿ ಹನ್ನೆರಡು ಮಂದಿ, ಅಕ್ಕನ ಹೆಸರಿನ ಹೊಗಳಿಕೆಗಳು ತಮ್ಮ ಪುಟದಲ್ಲೂ ಉದುರಿದ್ದನ್ನು ಕಂಡು, ಕೊಟ್ಟಿದ್ದ ಲಿಂಕನ್ನು ಕಿತ್ತುಹಾಕಿದರು. ಮಾಲೀಕ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, “ಯಾರು?” ಎಂದು ಕೇಳಿದ. ನಾನು ಕೀಬೋರ್ಡಿನ ಅಕ್ಷರಗಳನ್ನು ನೋಡುತ್ತಿದ್ದೆ. ಅವನು ಎರಡನೆಯ ಸಲ ಕೇಳಲಿಲ್ಲ.

ಅಕ್ಕ ಕಂಡಕಂಡ ಪುಟಗಳವರಿಗೆಲ್ಲ ಫೋನ್ ಮಾಡತೊಡಗಿದರು. ನಾನೂರ ಹನ್ನೆರಡು ಪುಟಗಳು. “ಕೇಳಿಸ್ತಿದೆಯಾ? ನನ್ನ ಹೆಸರಲ್ಲಿ ನಿಮ್ಮ ಪುಟದ ಕೆಳಗೆ ಒಂದು ಕಸ ಬಿದ್ದಿದೆ. ದಯವಿಟ್ಟು ತೆಗೀಬೇಕು. ತಪ್ಪಾಯ್ತು.” ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ ಮಾತು. ಕೆಲವರು ನಗುವರು, ಕೆಲವರು ಬೈಯುವರು. ಒಬ್ಬಾತ, “ವಯಸ್ಸಾದಮೇಲೆ ಮರ್ಯಾದೆಯಾಗಿ ಮನೇಲಿರೋದಲ್ವಾ ಅಜ್ಜಿ?” ಎಂದನಂತೆ. “ಅವನು ಹೇಳೋದೂ ಸರೀನೇ,” ಎಂದು ಆ ಹೆಸರಿನ ಮುಂದೆ ಗೀಟು ಎಳೆದರು. ಆ ನಾನೂರ ಹನ್ನೆರಡರ ಪಟ್ಟಿಯನ್ನು ಅಂದವಾಗಿ, ಅಕಾರಾದಿಯಾಗಿ ತಯಾರಿಸಿಕೊಟ್ಟವಳು ನಾನು. ಪಕ್ಕದಲ್ಲಿ ಕೂತು ನಂಬರುಗಳನ್ನು ಓದಿ ಹೇಳುತ್ತಿದ್ದೆ. “ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತಮ್ಮ,” ಎಂದು ಅವರು ಒಂದು ದಿನ ತಮ್ಮ ಪಾಲಿನ ಬಿಸ್ಕತ್ತನ್ನೂ ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ತಿಂದೆ.

ಇದಕ್ಕಿಂತ ಹೀನವಾದದ್ದು ಇನ್ನೊಂದಿದೆ. ಅಕ್ಕನಿಗೆ ಮಾಲೀಕನ ಮೇಲೆ ಅನುಮಾನ ಹುಟ್ಟಿತ್ತು. ಬೇಗ ಆಗುವ ದಾರಿ ಎಂದು ವರ್ಷವಿಡೀ ಗೊಣಗಿದವನು ಅವನೇ. ಈಮೇಲಿನ ಗುಟ್ಟಿನ ಪದ, ಅಂದರೆ ಪಾಸ್‌ವರ್ಡು, ತಮ್ಮನ್ನು ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತು. ಗಾಜಿನ ಬಾಗಿಲಿನ ಹಿಂದೆ ಅವರು ಅವನನ್ನು ಕೇಳಿದರು. “ಆಣೆಗೂ ನಾನಲ್ಲ ದೊಡ್ಡಮ್ಮ,” ಎಂದ. “ಸುಳ್ಳು ಹೇಳಬೇಡ. ನಿನಗೆ ಮೊದಲ ಅಕ್ಷರ ತಿದ್ದಿಸಿದವಳು ನಾನು,” ಎಂದವರು ಅಂದಿನಿಂದ ಅವನ ಜೊತೆ ಮಾತು ಬಿಟ್ಟರು, ತಂಗಿಯ ಮನೆಗೆ ಹೋಗುವುದನ್ನೂ ಬಿಟ್ಟರು. ಹಾಗೆ ಒಬ್ಬರ ಹೆಸರು ಹಾಕಲು ಗುಟ್ಟಿನ ಪದ ಬೇಕಾಗಿಯೇ ಇಲ್ಲ, ವಿಳಾಸ ಗೊತ್ತಿದ್ದರೆ ಸಾಕು. ಈ ಒಂದು ವಾಕ್ಯ ಅವನನ್ನು ಬಿಡಿಸುತ್ತಿತ್ತು. ಆದರೆ ಅದನ್ನು ಹೇಳಿದ ಬೆನ್ನಿಗೇ ಮುಂದಿನ ಪ್ರಶ್ನೆ ಏಳುತ್ತದೆ ಎಂದು ಹೆದರಿ ನಾನು ಆ ವಾಕ್ಯವನ್ನು ಹದಿನಾರು ದಿನ ನುಂಗಿಕೊಂಡಿದ್ದೆ.

ಹದಿನೇಳನೆಯ ದಿನ ತಂಗಿ ತಾವೇ ಎರಡು ಮಹಡಿ ಹತ್ತಿ ಬಂದರು. ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅವರಿಗೆ ದಿನಾ ಸಂಜೆ ಅಕ್ಕನೇ ಹೋಗಿ ಔಷಧಿಯ ಹನಿ ಹಾಕುತ್ತಿದ್ದರಂತೆ. ಕಪ್ಪು ಕನ್ನಡಕ, ಏದುಸಿರು, ಮುಷ್ಟಿಯಲ್ಲಿ ಪುಟ್ಟ ಸೀಸೆ. ಅಕ್ಕನ ಮೇಜಿನ ಮೇಲೆ ಅದನ್ನು ಕುಕ್ಕಿದರು.

“ನನ್ನ ಮಗನ ಜೊತೆ ಮಾತು ಬಿಡು. ನನ್ನ ಕಣ್ಣು ನಿನಗೇನು ಮಾಡಿತ್ತೇ?”

“ಸೊಸೆ ಇದಾಳಲ್ಲ, ಹಾಕ್ತಾಳೆ.”

“ಅವಳು ಕಣ್ಣಿಗೆ ಹಾಕ್ತೀನಿ ಅಂತ ಮೂಗಿಗೆ ಹಾಕ್ತಾಳೆ. ನಿನ್ನ ಕೈ ಸ್ಥಿರ. ಹಾಕು.”

ಇಡೀ ಕಚೇರಿ ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅಕ್ಕ ತುಟಿ ಬಿಗಿದು ಎದ್ದರು. ತಂಗಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಗದ್ದ ಎತ್ತಿ ಹಿಡಿದು, ಒಂದೊಂದು ಕಣ್ಣಿಗೂ ಒಂದೊಂದು ಹನಿ ಬಿಟ್ಟರು. ತಂಗಿ ಕಣ್ಣು ಮುಚ್ಚಿಕೊಂಡೇ, “ಅವನು ಊಟ ಸರಿಯಾಗಿ ಮಾಡ್ತಿಲ್ಲ ಕಣೇ,” ಎಂದರು. ಅಕ್ಕ ಕೋಟಿನ ತುದಿಯಿಂದ ತಂಗಿಯ ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿದರು. ಅದು ಔಷಧಿಯೋ ಬೇರೆಯೋ ಹೇಳುವಂತಿರಲಿಲ್ಲ.

ತಂಗಿಯನ್ನು ಕೆಳಗಿಳಿಸಿ ಮೇಲೆ ಬರುತ್ತಿದ್ದ ಅಕ್ಕನನ್ನು ಮೆಟ್ಟಿಲ ತಿರುವಿನಲ್ಲಿ ತಡೆದೆ. ಎಷ್ಟೋ ಮಾತು ಜೋಡಿಸಿಕೊಂಡಿದ್ದೆ, ಬಂದದ್ದು ಮೂರು. “ಅಕ್ಕ, ಅದು ನಾನು.”

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೆಟ್ಟಿಲ ಮೇಲೆಯೇ ಕೂತರು.

“ಅವನಿಗೆ ಗೊತ್ತಿತ್ತಾ?”

“ಇಲ್ಲ.”

“ಹಾಗಾದ್ರೆ ಅವನು ನಿಜಾನೇ ಹೇಳಿದ್ದ.”

ನನ್ನನ್ನು ಬೈಯುತ್ತಾರೆಂದು ಕಾದೆ. ಅವರ ಮುಖದಲ್ಲಿ ನನಗೆಂದು ಏನೂ ಇರಲಿಲ್ಲ, ನಾನು ಅಲ್ಲಿ ಇದ್ದೇನೆಂಬ ಗುರುತೂ ಇರಲಿಲ್ಲ. ಗೋಡೆ ಹಿಡಿದು ಎದ್ದು, ನೇರ ಗಾಜಿನ ಕೋಣೆಗೆ ಹೋಗಿ, ಬಾಗಿಲನ್ನು ಬೇಕೆಂದೇ ಹಾರುಹೊಡೆದಿಟ್ಟು, ಆರೂ ಮೇಜಿಗೆ ಕೇಳುವಂತೆ ಹೇಳಿದರು: “ನಿನ್ನ ಮೇಲೆ ಸುಳ್ಳು ಹೊರಿಸಿದೆ. ತಪ್ಪು ನಂದು.”

“ದೊಡ್ಡಮ್ಮ, ಮೊದಲು ಕೂತ್ಕೊಳ್ಳಿ…”

“ಕೂರಲ್ಲ. ನಿಂತೇ ಹೇಳ್ಬೇಕು.”

“ಹಾಗಾದ್ರೆ ಯಾರು ಮಾಡಿದ್ದು?”

“ಅದನ್ನ ಮಾಡಿದವರೇ ಹೇಳ್ತಾರೆ,” ಎಂದು ಅಕ್ಕ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆ ಬಾಗಿಲವರೆಗಿನ ಹತ್ತು ಹೆಜ್ಜೆಗಳನ್ನು ನಾನು ಹೇಗೆ ನಡೆದೆನೋ ಕಾಣೆ.

ಮಾಲೀಕ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಖಾಯಂ ಪತ್ರವನ್ನು ಹಿಂದಕ್ಕೆ ಪಡೆದು ಮತ್ತೆ ಮೊದಲಿನಂತೆ ಪರೀಕ್ಷೆಯ ಮೇಲಿಟ್ಟ. ತೆಗೆದಿದ್ದರೆ ನಾನು ಹಗುರಾಗಿ ಊರಿಗೆ ಹೋಗಿಬಿಡುತ್ತಿದ್ದೆ. ಅಕ್ಕ ಒಂಬತ್ತು ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು, ಪೀಠಿಕೆಯ ಆ ಪ್ರಶ್ನೆಯಿಲ್ಲದೆ. ಅದಿಲ್ಲದ ಅವರ ಮಾತು ಬೇರೆ ಯಾರದೋ ಮಾತಿನಂತಿತ್ತು. ಹತ್ತನೆಯ ದಿನ, “ನಂಗೆ ಕೋಪ ಇದೆ. ಇಲ್ಲ ಅಂತ ತಿಳ್ಕೋಬೇಡ,” ಎಂದರು. “ಆ ತಾಯಿ ಹತ್ರ ನೀನೇ ಮಾತಾಡ್ಬೇಕು. ಲೈನ್ ನಾನು ಕೊಡ್ತೀನಿ.”

ಆಕೆ ಮಾತಾಡಲು ಒಪ್ಪುತ್ತಾರೋ ಎಂದು ಅಕ್ಕ ಮೊದಲು ಕೇಳಿದರು. ಎರಡು ಸಲ ಆಕೆ ಒಪ್ಪಲಿಲ್ಲ. ಮೂರನೆಯ ಸಲ ಒಪ್ಪಿದರು. ನಾನು ಬರೆದಿಟ್ಟುಕೊಂಡಿದ್ದ ಕ್ಷಮಾಪಣೆಯನ್ನು ಓದತೊಡಗಿದೆ. ಆಕೆ ನಡುವೆಯೇ ತಡೆದರು.

“ನೀವು ನನ್ನ ಪುಟ ಓದಿದೀರಾ?”

ನಾನು ಓದಿರಲಿಲ್ಲ. ಅದರ ಕೆಳಗೆ ಕಸ ಸುರಿದಿದ್ದೆ, ಅದರ ವಿಳಾಸವನ್ನು ಪಟ್ಟಿಯಲ್ಲಿ ಅಕಾರಾದಿಯಾಗಿ ಬರೆದಿದ್ದೆ, ಅದರ ಬಗ್ಗೆ ಅಕ್ಕನ ಎದುರು ನೊಂದವಳಂತೆ ಮುಖ ಮಾಡಿದ್ದೆ, ಓದಿರಲಿಲ್ಲ.

“ಓದಿ, ಆಮೇಲೆ ಫೋನ್ ಮಾಡಿ,” ಎಂದು ಇಟ್ಟರು.

ಓದಿದೆ. ಹುಡುಗನ ಎಡಗಾಲಿನ ಅಟ್ಟೆ ಎರಡು ಬೆರಳು ಎತ್ತರ. ಅವನು ಮೆಟ್ಟಿಲು ಹತ್ತಿ ಬರುವ ಸದ್ದಿನಲ್ಲಿ ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. ಅಡಿಗೆಮನೆಯಲ್ಲಿದ್ದ ತಾಯಿಗೆ ಅವನ ಆ ದಿನದ ಮನಸ್ಸು ಹೇಗಿದೆಯೆಂದು ಆ ಸದ್ದಿನಲ್ಲೇ ತಿಳಿಯುತ್ತಿತ್ತು. ಆಸ್ಪತ್ರೆಗೆ ಹೊರಟ ಕೊನೆಯ ಬೆಳಿಗ್ಗೆ ಅವನು ಬೂಟು ಹಾಕಿಕೊಳ್ಳಲು ಹಟ ಮಾಡಿದ್ದ, ಹೊತ್ತಾಯಿತೆಂದು ತಾಯಿ ಅವನನ್ನು ಬರಿಗಾಲಿನಲ್ಲೇ ಎತ್ತಿಕೊಂಡು ಹೋಗಿದ್ದರು. ಆ ಸಾಲಿಗೆ ಬರಹ ಮುಗಿದಿತ್ತು. ಅದರ ಕೆಳಗೇ ನನ್ನ “ವಾವ್” ಹತ್ತೊಂಬತ್ತು ದಿನ ನಿಂತಿತ್ತು.

ಮರುದಿನ ಫೋನ್ ಮಾಡಿದೆ. ಆಕೆ ಒಂದೇ ಪ್ರಶ್ನೆ ಕೇಳಿದರು. “ಅವನ ಬೂಟಿನ ಬಣ್ಣ?”

“ಕಂದು. ಲೇಸು ಮಾತ್ರ ಹಸಿರು.”

“ಸರಿ,” ಎಂದು ಇಟ್ಟರು. ಲಿಂಕನ್ನು ಆಕೆ ಮತ್ತೆ ಹಾಕಲಿಲ್ಲ. ನಾವೂ ಕೇಳಲಿಲ್ಲ.

ಕಿತ್ತುಹಾಕಿದ್ದ ಹನ್ನೆರಡು ಮಂದಿಯಲ್ಲಿ ಏಳು ಮಂದಿ, ಅಕ್ಕನ ಮುಖ ನೋಡಿ, ಅಂದರೆ ದನಿ ಕೇಳಿ, ಒಬ್ಬೊಬ್ಬರಾಗಿ ಹಿಂತಿರುಗಿದರು. ಬೂಟಿನವರ ಪುಟ ಎರಡನೆಯ ಪುಟದ ಕೆಳತುದಿಗೆ ಬರಲು ಒಂದು ವರ್ಷ ಹಿಡಿಯಿತು. ಆ ವರ್ಷದ ನಡುವೆ ಮಗಳು ದೊಡ್ಡ ಫ್ಯಾಕ್ಟರಿಗೆ ಹೋಗಿಬಿಟ್ಟಿದ್ದಳು. ಮುದುಕರು ಬಾಗಿಲನ್ನು ಪೂರ್ತಿ ಹಾಕಲಿಲ್ಲ. ಅವಳಿಗೆ ರಜೆಯಿರುವ ದಿನ ಮಾತ್ರ ತೆರೆಯುತ್ತಿದ್ದರು. ನಡೆದದ್ದನ್ನು ಹೇಳಲು ಹೋದಾಗ ಅವರು ನನ್ನ ಮಾತನ್ನು ಪೂರ್ತಿ ಕೇಳಿ, ಉಳಿಯನ್ನು ಒರೆಸುತ್ತ, “ನಂಗೆ ಇವೆಲ್ಲ ತಿಳಿಯಲ್ಲಮ್ಮ. ಈ ಅಕ್ಕ ಬಂದು ಕೂತು ಮಾತಾಡಿದ್ರಲ್ಲ, ಅದಕ್ಕೆ ಒಪ್ಪಿದ್ದೆ,” ಎಂದರು. ಅಕ್ಕ ಪಕ್ಕದಲ್ಲೇ ನಿಂತಿದ್ದರು.

ಈಗ ನಾನು ಬೇರೆ ಕಚೇರಿಯಲ್ಲಿದ್ದೇನೆ. ಅಕ್ಕನಂಥವರನ್ನು ಆಮೇಲೆ ಬೇರೆ ಕಡೆಗಳಲ್ಲೂ ಕಂಡಿದ್ದೇನೆ: ಹೊಸಬಳೊಬ್ಬಳನ್ನು ಕೆಲಸಕ್ಕೆ ತಗೊಳ್ಳಿ ಎಂದು ಮಾತು ಕೊಟ್ಟು ಕರೆತಂದ ಗುಮಾಸ್ತೆ, ಯಾರದೋ ಮನೆ ಯಾರಿಗೋ ಬಾಡಿಗೆಗೆ ಕೊಡಿಸಿ ನಡುವೆ ನಿಂತ ದರ್ಜಿ. ಇಬ್ಬರು ಅಪರಿಚಿತರ ಮಧ್ಯೆ ತಮ್ಮ ಹೆಸರನ್ನು ಇಟ್ಟು ಬದುಕುವ ಜನ ಇವರು. ಕೆಲಸ ಸರಿಯಾದಾಗ ಯಾರಿಗೂ ಇವರ ನೆನಪಾಗುವುದಿಲ್ಲ. ಕೆಟ್ಟಾಗ ಎರಡೂ ಕಡೆಯವರು ಹುಡುಕಿಕೊಂಡು ಬರುವುದು ಇವರನ್ನೇ. ಆ ಹೆಸರಿಗೆ ಎಷ್ಟು ಬಾಗಿಲು ತೆರೆಯುತ್ತವೆಂಬುದು ಅವರಿಗೇ ತಿಳಿದಿರುವುದಿಲ್ಲ. ತಿಳಿದಿರುವುದು ಪಕ್ಕದಲ್ಲಿ ಕೂತವರಿಗೆ, ಅವರಿಂದಲೇ ಕೆಲಸ ಕಲಿತವರಿಗೆ, ಅವರ ಬಿಸ್ಕತ್ತು ತಿಂದವರಿಗೆ. ಆದ್ದರಿಂದ ಅವರನ್ನು ಸೂರೆ ಮಾಡಲು ಹೊರಗಿನವರು ಬರಬೇಕಾಗಿಲ್ಲ. ಸೂರೆಯಾದ ಮರುದಿನವೂ ಅವರು ಕಲ್ಲಾಗುವುದಿಲ್ಲ. ಮತ್ತೆ ಯಾರೋ ಗೊತ್ತಿಲ್ಲದವರಿಗೋಸ್ಕರ ಮತ್ಯಾರಿಗೋ ಫೋನ್ ಮಾಡಿ ತಮ್ಮ ಹೆಸರು ಹೇಳಿಕೊಳ್ಳುತ್ತಾರೆ. ಅವರು ನಮ್ಮನ್ನು ಕ್ಷಮಿಸಿದರೋ ಇಲ್ಲವೋ ನಮಗೆ ಕೊನೆಗೂ ತಿಳಿಯುವುದಿಲ್ಲ. ಅವರು ಹಾಗೆ ಹೆಸರು ಹೇಳಿಕೊಳ್ಳುವುದು ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಕೂತು, ತಲೆ ತಗ್ಗಿಸಿ, ನಮ್ಮ ಪಾಲಿನ ಕೆಲಸವನ್ನು ನಾವು ಮಾಡುತ್ತಿರಬೇಕು.